ಭತ್ತ ಹೂ ಬಿಡುವ ಹೊತ್ತು

ಭತ್ತಕ್ಕೂ ಹೂವಿದೆಯೆಂದು
ಇಪ್ಪತ್ತಾರನೆಯ ವಯಸ್ಸಿನಲ್ಲಿ ನನಗೆ ತೋರಿಸಿದವಳು
ಹೊಂಬಾಳಮ್ಮ.
ಅಲ್ಲಿಯವರೆಗೆ ಮೂರು ಹೊತ್ತೂ ಅನ್ನ ಉಂಡವನು ನಾನು,
ಭತ್ತದ ಮೇಲೆಯೇ ಪರೀಕ್ಷೆ ಬರೆದು ಪಾಸಾದವನು.

ಮಂಡ್ಯದ ಹೊರಗೆ, ನಾಲೆಯ ಪಕ್ಕ,
ಸಂಶೋಧನಾ ಕೇಂದ್ರದ ಆರನೇ ತಾಕು.
ತೆನೆಗೆ ರೆಪ್ಪೆ ತಾಗುವಷ್ಟು ನನ್ನನ್ನು ಬಗ್ಗಿಸಿ
“ಉಸ್ರು ಬುಡ್‌ಬ್ಯಾಡಿ ಸಾ, ಒಸಿ ತಡೀರಿ” ಎಂದಳು.
ಹೊಟ್ಟು ಎರಡು ಹೋಳಾಗಿ ಬಾಯಿ ತೆರೆಯಿತು.
ಒಳಗಿಂದ ಆರು ಎಳೆ,
ಒಂದೊಂದರ ತುದಿಗೂ ಹಳದಿ ಹಿಟ್ಟಿನ ಚೀಲ.
ಎಸಳಿಲ್ಲ, ಗಂಧವಿಲ್ಲ,
ಯಾರೂ ಮುಡಿಯದ, ಯಾವ ದೇವರಿಗೂ ಏರದ ಹೂವು.
ಒಂದು ಗಂಟೆ, ಅಷ್ಟೇ.
ಮತ್ತೆ ಬಾಯಿ ಮುಚ್ಚಿತೆಂದರೆ
ಬಿಡಿಸಲು ಒನಕೆಯೇ ಬರಬೇಕು.

ಮೂವತ್ತೊಂದು ವರ್ಷದ ದಿನಗೂಲಿ.
ಕತ್ತರಿಯ ಉಂಗುರ ಕೂತು ಹೆಬ್ಬೆರಳು ಒಂದು ಕಡೆಗೆ ವಾಲಿದೆ.
ಹೊಟ್ಟಿನ ತುದಿ ಚಿವುಟಿ, ಸೂಜಿಯಲ್ಲಿ ಗಂಡೆಳೆ ಆರಿಸಿ ತೆಗೆದು,
ತೆನೆಗೆ ಬೆಣ್ಣೆಕಾಗದದ ಕುಲಾವಿ ತೊಡಿಸಿ ಕಾಯುತ್ತಾಳೆ,
ಹತ್ತು ಗಂಟೆಗೆ.
ಭತ್ತ ಬಿರಿಯುವುದು ಹತ್ತಕ್ಕೆ. ಅವಳಮ್ಮನ ಕಾಲದಲ್ಲೂ ಹತ್ತಕ್ಕೆ.

ಆ ಬೇಸಿಗೆ ಬೆಳೆಯಲ್ಲಿ, ಏಪ್ರಿಲ್ಲಿನ ಎರಡನೇ ವಾರ,
ಹತ್ತು ಗಂಟೆಗೆ ಮೂವತ್ತೇಳು ಡಿಗ್ರಿ.
ಹಿಟ್ಟು ಚೀಲದಲ್ಲೇ ಹುರಿದುಹೋಯಿತು.
ಕೊಯ್ಲಿಗೆ ತಾಕೆಲ್ಲ ನೆಟ್ಟಗೆ ನಿಂತಿತ್ತು.
“ತಲೆ ಎತ್ಕಂಡ್ ನಿಂತವೆ ಅಂದ್ರೆ
ಒಳಗೇನೂ ಇಲ್ಲ ಅಂತ್ಲೇ ಸಾ.”
ಎಣಿಸಿದೆ: ನೂರ ನಲವತ್ತೆರಡರಲ್ಲಿ ತೊಂಬತ್ತೊಂದು ಜೊಳ್ಳು.
ನಾಲೆಯಲ್ಲಿ ನೀರಿತ್ತು. ಗೊಬ್ಬರ ಹಾಕಿತ್ತು. ಬೆಂಕಿರೋಗ ಬಂದಿರಲಿಲ್ಲ.
ನನ್ನ ಪುಸ್ತಕದಲ್ಲಿ ಬರಕ್ಕೊಂದು ಕಾಲಂ ಇದೆ, ನೆರೆಗೊಂದು ಇದೆ,
ಹತ್ತು ಗಂಟೆ ಕೆಟ್ಟಿತು ಎಂದು ಬರೆಯಲು
ಜಾಗವಿರಲಿಲ್ಲ.

ಮರುವರ್ಷ ಬಿಸಿಲಿಗೆ ಹೆದರಿ ಅವಳು ಆರಕ್ಕೇ ಬರತೊಡಗಿದಳು.
ನಾನು ಒಂಬತ್ತಕ್ಕೆ, ಹಾಜರಿ ಯಂತ್ರಕ್ಕೆ ಬೆರಳು ಕೊಟ್ಟು.
ಒಂದು ದಿನ ಹದಿನೇಳನೇ ಸಾಲಿನಲ್ಲಿ
ಒಂದೇ ಒಂದು ತೆಂಡೆಗೆ ಕೆಂಪು ದಾರ,
ಸೀರೆಯ ಸೆರಗಿನಿಂದ ಎಳೆದದ್ದು.
“ಇದು ಏಳೂವರೆಗೇ ಬಿರ್ದು ಮುಚ್ಕಂಡದೆ.
ಬಿಸ್ಲು ಏರೋಕ್ ಮೊದ್ಲು ಕೆಲ್ಸ ಮುಗ್ಸ್ಕತದೆ. ಬುದ್ಧಿ ಅದೆ ಇದ್ಕೆ.”
ನಾನು ನಂಬಲಿಲ್ಲ. ಬೆರಕೆ ಬೀಜ ಎಂದೆ,
ನಿನ್ನೆಯದಿರಬೇಕು ಎಂದೆ.
ಅವಳು ಮಾತಾಡದೆ ಕುಲಾವಿ ಮಡಿಸುತ್ತ ಕೂತಳು.

ಮರುದಿನ ಸ್ಕೂಟರಿನಲ್ಲಿ ಹೋದೆ, ಕತ್ತಲೆ ಹರಿಯುವ ಮುಂಚೆ.
ಮೊಣಕಾಲಿನವರೆಗೆ ಇಬ್ಬನಿ. ಬದುವಿನಲ್ಲೊಂದು ಏಡಿ.
ಮೈಸೂರಿನ ಕಡೆಯಿಂದ ರೈಲು ಬಂದು ಹೋಯಿತು,
ಎಲ್ಲಿಂದಲೋ ಆಲೆಮನೆಯ ಪಾಕದ ವಾಸನೆ.
ಏಳು ಇಪ್ಪತ್ತು.
ಸುತ್ತಣ ಗದ್ದೆಯೆಲ್ಲ ಮುಚ್ಚಿದ ಬಾಯಿ,
ಇದೊಂದು ಮಾತ್ರ ತೆರೆಯಿತು.

ಆ ತೆನೆ ಬಾಗಿತು.
ಅರ್ಧವನ್ನು ರಾಟವಾಳ ಹಕ್ಕಿಗಳು ತಿಂದವು, ಬಲೆ ಹಾಕುವುದು
ತಡವಾದದ್ದು ನನ್ನಿಂದ.
ಉಳಿದ ಇಪ್ಪತ್ತಮೂರು ಕಾಳು ಕಂದು ಲಕೋಟೆಗೆ ಹೋದವು.
“ಏನ್ ಹೆಸ್ರು ಮಡಗಿದ್ರಿ?”
“ಎಂ ಹದಿನೇಳು ಬಾರ್ ಮೂರು.”
“ಅದೇನ್ ಬಸ್ ನಂಬ್ರಾ?”

ಹತ್ತೊಂಬತ್ತು ಮೊಳೆತವು.
ಐದು ಬೇಗ ಏಳುತ್ತವೆ,
ಮಿಕ್ಕವು ಅಜ್ಜಿಯರ ಹಾಗೆ ಹತ್ತಕ್ಕೇ.
ಐದರಲ್ಲಿ ಎರಡು ಗಾಳಿಗೆ ಮಲಗಿದವು.
ಇನ್ನುಳಿದ ಮೂರು ಒಂದು ತಳಿಯೆನಿಸಲು ಎಂಟು ವರ್ಷ ಬೇಕು,
ಅಷ್ಟರಲ್ಲಿ ಏಳೂವರೆಯೂ ಎಷ್ಟು ಕಾದಿರುತ್ತದೋ.
ಹೊಂಬಾಳಮ್ಮನ ಕೆಲಸ ಇನ್ನೆರಡು ವರ್ಷ.

ಪುಸ್ತಕದ ಅಂಚಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದೇನೆ,
ಹೊಸ ಕಾಲಂ: ಹೂ ಬಿಟ್ಟ ಹೊತ್ತು.
ಸೋಮವಾರ ಏಳು ಇಪ್ಪತ್ತು. ಮಂಗಳವಾರ ಏಳು ಇಪ್ಪತ್ತೈದು.
ಇವತ್ತು ಮೋಡ. ಎಂಟಾದರೂ ಬಿರಿದಿಲ್ಲ.
ಸಾಲಿನ ಆ ಬದಿಗೆ ಅವಳು ಕತ್ತರಿ ಹಿಡಿದು,
ಈ ಬದಿಗೆ ನಾನು
ಉಸಿರು ಹಿಡಿದು.